ನಾದವು ದಿಕ್ಕು ಬದಲಿಸಿದಾಗ

ದಿಂಡಿಗಲ್ಲಿನ ನ್ಯಾಯಾಲಯದಲ್ಲಿ ನನಗೊಂದು ವಿಚಾರಣೆಯಿತ್ತು. ಶಾಲೆಗೆ ರಜೆಯಾದುದರಿಂದ ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳೂ ಜೊತೆಗೆ ಹೊರಟಳು. ತೇನಿಯಿಂದ ದಿಂಡಿಗಲ್ಲಿಗೆ ಎಪ್ಪತ್ತೈದು ಕಿಲೋಮೀಟರುಗಳಷ್ಟು ಹಾದಿ. ಪೆರಿಯಕುಳಂ, ದೇವದಾನಪಟ್ಟಿ, ವತ್ತಲಗುಂಡುಗಳನ್ನು ದಾಟುವಷ್ಟರಲ್ಲಿ ಒಂದು ಇಡೀ ಆಲ್ಬಮ್ ಕೇಳಿ ಮುಗಿಸಬಹುದು. ಅಂದು ಅವಳು ತನ್ನ ಫೋನನ್ನು ಕಾರಿನ ಧ್ವನಿವರ್ಧಕಕ್ಕೆ ಜೋಡಿಸಿ, ಬೆಂಗಳೂರಿನ 'ಅಗಂ' ತಂಡದ ಹೊಸ ಆಲ್ಬಮನ್ನು ಹಾಕಿದಳು.

ಆ ತಂಡವನ್ನು ಅವಳಿಗೆ ಪರಿಚಯಿಸಿದವನು ನಾನೇ. ಅವರ ಮೊದಲ ಆಲ್ಬಮ್ ಬಂದ 2012ರಿಂದಲೂ ನಾನು ಅವರ ಕೇಳುಗ. ಆದರೆ ಅಂದು ಎರಡು ಹಾಡು ಮುಗಿಯುವುದರೊಳಗೆ ನನ್ನ ಮುಖ ಬಿಗಿಯಿತು. ಗಿಟಾರು ಹಿಂದೆ ಸರಿದಿತ್ತು. ಅದರ ಜಾಗದಲ್ಲಿ ಪಾಶ್ಚಾತ್ಯ ವಾದ್ಯವೃಂದದ ಪಿಟೀಲುಗಳು ಅಲೆಯಲೆಯಾಗಿ ಏಳುತ್ತಿದ್ದವು. "ಇದು ಅವರ ಧ್ವನಿಯೇ ಅಲ್ಲ. ಕೆಡಿಸಿಬಿಟ್ಟರು" ಎಂದೆ. ಮಗಳು ಕಿಟಕಿಯ ಹೊರಗೆ ಕಾಣುತ್ತಿದ್ದ ಕೊಡೈಕಾನಲ್ ಬೆಟ್ಟಗಳನ್ನು ನೋಡುತ್ತಲೇ ಕೇಳಿದಳು: "ಅವರ ಧ್ವನಿ ಯಾವುದು ಎಂದು ತೀರ್ಮಾನಿಸಬೇಕಾದವರು ಅವರೋ, ನೀವೋ?"

ಇಪ್ಪತ್ತು ವರ್ಷಗಳಿಂದ ಪ್ರಶ್ನೆ ಕೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡ ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ಅದನ್ನು ಹುಡುಕುತ್ತ ಹೋದಾಗ ನಾನು ಮರೆಯಲು ಬಯಸಿದ್ದ ಒಂದು ಹಳೆಯ ಮದುವೆಯ ಚಪ್ಪರದವರೆಗೂ ಹೋಗಬೇಕಾಯಿತು. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ಕುಟುಂಬಗಳಿಗೆ ಆ ಸಂಗತಿ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಒಳಗಿನ ಹೆಸರು, ಹೊರಗಿನ ವಾದ್ಯ

ಮೊದಲು ತಂಡದ ಪರಿಚಯ. 'ಅಗಂ' 2003ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಸದಸ್ಯರಲ್ಲಿ ಹೆಚ್ಚಿನವರು ಹಗಲು ತಂತ್ರಜ್ಞಾನ ಸಂಸ್ಥೆಗಳಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಸಂಗೀತ ಕಟ್ಟಿದವರು. ಹರೀಶ್ ಶಿವರಾಮಕೃಷ್ಣನ್ ಹಾಡುತ್ತಾರೆ, ಪಿಟೀಲನ್ನೂ ನುಡಿಸುತ್ತಾರೆ. ಸ್ವಾಮಿ ಸೀತಾರಾಮನ್ ಕೀಬೋರ್ಡ್ ನುಡಿಸಿ ಸಾಹಿತ್ಯವನ್ನೂ ಬರೆಯುತ್ತಾರೆ. ತಾವು ಮಾಡುವುದು ಕರ್ನಾಟಕ ಸಂಗೀತದ ಪ್ರೊಗ್ರೆಸಿವ್ ರಾಕ್ ಎಂದು ತಂಡ ಹೇಳಿಕೊಳ್ಳುತ್ತದೆ.

ಹೆಸರಿನ ಅರ್ಥ ನಮ್ಮ ಸೀಮೆಯ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ. ತಮಿಳಿನಲ್ಲಿ 'ಅಗಂ' ಎಂದರೆ ಒಳಗು, ಅಂತರಂಗ, ಮನೆ. ಸಂಗಂ ಕಾಲದ ಕಾವ್ಯವನ್ನು ಅಗಂ ಎಂದೂ ಪುರಂ ಎಂದೂ ವಿಂಗಡಿಸುತ್ತಾರೆ: ಒಳಗಿನ ಬಾಳಿನದು ಒಂದು, ಹೊರಗಿನ ಬಾಳಿನದು ಮತ್ತೊಂದು. ಕನ್ನಡ ರಾಜಧಾನಿಯ ತಂಡವೊಂದು ತಮಿಳಿನ ಹೆಸರನ್ನು ಹೊತ್ತು ತ್ಯಾಗರಾಜರ ತೆಲುಗು ಕೃತಿಗಳನ್ನೂ ಕೇರಳದ ದೋಣಿಯ ಹಾಡನ್ನೂ ಗಿಟಾರಿನೊಡನೆ ಹಾಡುತ್ತದೆ. ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ, ಶಾಲೆಯಲ್ಲಿ ಮತ್ತೊಂದು ನುಡಿಯನ್ನು ಆಡುತ್ತ ಬೆಳೆದ ಕಂಬಂ ಕಣಿವೆಯವನಿಗೆ ಅಂತಹ ತಂಡ ನೆಂಟನಂತೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಅವರ ಮೊದಲ ಆಲ್ಬಮಿನ ಹೆಸರು 'ದಿ ಇನ್ನರ್ ಸೆಲ್ಫ್ ಅವೇಕನ್ಸ್'. ಅದರಲ್ಲಿ ಸ್ವಾತಿ ತಿರುನಾಳರ ಧನಶ್ರೀ ತಿಲ್ಲಾನವಿತ್ತು; ಹಂಸನಾದ ರಾಗದ ತ್ಯಾಗರಾಜ ಕೃತಿಯೊಂದು 'ಸ್ವಾನ್ಸ್ ಆಫ್ ಸರಸ್ವತಿ' ಎಂಬ ಹೆಸರಿನಿಂದ ಬಂದಿತ್ತು. ಐದು ವರ್ಷಗಳ ಅನಂತರ, 2017ರಲ್ಲಿ, 'ಎ ಡ್ರೀಮ್ ಟು ರಿಮೆಂಬರ್' ಬಂದಿತು. ಅದರ 'ಮಿಸ್ಟ್ ಆಫ್ ಕ್ಯಾಪ್ರಿಕಾರ್ನ್' ಎಂಬ ಹಾಡು ನಳಿನಕಾಂತಿ ರಾಗದ ತ್ಯಾಗರಾಜ ಕೃತಿಯ ಹೊಸ ರೂಪ. ಮೂರನೆಯದಕ್ಕಾಗಿ ಕೇಳುಗರು ಎಂಟು ವರ್ಷ ಕಾಯಬೇಕಾಯಿತು. 2025ರಲ್ಲಿ ಬಂದ ಅದರ ಹೆಸರು 'ಅರೈವಲ್ ಆಫ್ ದಿ ಇಥೀರಿಯಲ್'. ನಾವು ಕಾರಿನಲ್ಲಿ ಕೇಳಿದ್ದು ಇದನ್ನೇ.

ಏಳರ ಎಣಿಕೆ

ಪ್ರೊಗ್ರೆಸಿವ್ ರಾಕ್ ಎಂಬುದು 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಪ್ರಕಾರ. ಮೂರು ನಿಮಿಷದ ಕುಣಿತದ ಹಾಡುಗಳಿಂದ ಬೇಸತ್ತ ತರುಣರು ದೀರ್ಘವಾದ, ಹಲವು ಭಾಗಗಳುಳ್ಳ, ತಾಳ ಬದಲಿಸುತ್ತ ಸಾಗುವ ರಚನೆಗಳನ್ನು ಮಾಡತೊಡಗಿದರು. 1969ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ ಬಂದಿತು. 1972ರಲ್ಲಿ ಯೆಸ್ ತಂಡದ 'ಕ್ಲೋಸ್ ಟು ದಿ ಎಡ್ಜ್' ಬಂದಾಗ ಅದರ ಒಂದೇ ಹಾಡು ಹದಿನೆಂಟು ನಿಮಿಷಗಳಷ್ಟಿತ್ತು. 1973ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ 'ಮನಿ' ಎಂಬ ಹಾಡು ಏಳು ಎಣಿಕೆಯ ಲಯದಲ್ಲಿ ನಡೆದು ಲೋಕವನ್ನು ಬೆರಗುಗೊಳಿಸಿತು.

ಆ ಬೆರಗನ್ನು ಕಂಡು ನಮ್ಮ ಸಂಗೀತ ಬಲ್ಲವರು ಮುಗುಳ್ನಗಬಹುದು. ಏಳರ ಎಣಿಕೆ ನಮಗೆ ಮಿಶ್ರಚಾಪು, ಮೂರಕ್ಕೆ ನಾಲ್ಕು ಕೂಡಿದ ಸಾಮಾನ್ಯ ನಡಿಗೆ. ಐದರದು ಖಂಡಚಾಪು. ಸೂಳಾದಿಯ ಏಳು ತಾಳಗಳಿಗೆ ಐದು ಜಾತಿಗಳನ್ನು ಸೇರಿಸಿದರೆ ಮೂವತ್ತೈದಾಗುತ್ತವೆ ಎಂಬುದನ್ನು ಸಂಗೀತ ಕಲಿಯುವ ಮಗು ಮೊದಲ ವರ್ಷದಲ್ಲೇ ಬೆರಳೆಣಿಸಿ ಹೇಳುತ್ತದೆ. ಆದುದರಿಂದ ಪ್ರೊಗ್ರೆಸಿವ್ ರಾಕ್ ಮತ್ತು ಕರ್ನಾಟಕ ಸಂಗೀತ ಒಂದುಗೂಡಿದ್ದರಲ್ಲಿ ಬಲವಂತವಿರಲಿಲ್ಲ. ಎರಡಕ್ಕೂ ಲೆಕ್ಕ ಪ್ರಿಯ, ಎರಡಕ್ಕೂ ದೀರ್ಘ ವಿಸ್ತಾರ ಪ್ರಿಯ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ನನ್ನ ಮಗಳು ತೇನಿಯಲ್ಲಿ ಪಿಟೀಲು ಕಲಿಯುತ್ತಾಳೆ. ಅವಳ ಮೊದಲ ಪಾಠ ಮಾಯಾಮಾಳವಗೌಳದ ಸರಳೆ ವರಸೆ. ಆ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ಹೇಳುತ್ತದೆ. ಅನಂತರ ಮಲಹರಿ ರಾಗದ ಪಿಳ್ಳಾರಿ ಗೀತೆಗಳು, ಕೆರೆಯ ನೀರಿನ ಹೋಲಿಕೆಯುಳ್ಳ ದಾಸರ ಗೀತೆ. ಅವಳ ಗುರುಗಳ ಮನೆಮಾತು ತಮಿಳು. ಅವಳೊಡನೆ ಕುಳಿತು ಕಲಿಯುವ ಮಕ್ಕಳೆಲ್ಲ ಆ ಗೀತೆಯನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡು, ಅರ್ಥ ತಿಳಿಯದೆಯೇ ಶುದ್ಧ ಶ್ರುತಿಯಲ್ಲಿ ಹಾಡುತ್ತಾರೆ. ತಮಿಳುನಾಡಿನಲ್ಲಿ ಸಂಗೀತ ಕಲಿಯುವ ಸಾವಿರಾರು ಮಕ್ಕಳ ನಾಲಿಗೆಯ ಮೇಲೆ ಹೀಗೆ ಕನ್ನಡ ನುಡಿ ಕುಳಿತಿದೆ. ಲಿಪಿ ಬದಲಾಗಿದೆ, ಉಚ್ಚಾರಣೆ ಸ್ವಲ್ಪ ಬದಲಾಗಿದೆ, ಆದರೂ ಐದು ಶತಮಾನಗಳಿಂದ ಹಾಡು ನಿಂತಿಲ್ಲ. ಅಂದು ಮಗಳ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಮೊದಲು ನೆನಪಾದದ್ದು ಇದು.

ಏನು ಬದಲಾಯಿತು?

ಮೊದಲ ಎರಡು ಆಲ್ಬಮುಗಳಲ್ಲಿ ಹಾಡು ಕಟ್ಟುವ ರೀತಿ ಸುಮಾರಾಗಿ ಒಂದೇ. ಗಾಯಕ ರಾಗವನ್ನು ತೆರೆಯುತ್ತಾನೆ. ಗಿಟಾರು ಮತ್ತು ಡ್ರಮ್ಮು ಅವನನ್ನು ಸುತ್ತುವರಿಯುತ್ತವೆ. ಸಾಹಿತ್ಯ ಮುಗಿದಮೇಲೆ ಸ್ವರಪ್ರಸ್ತಾರ ಮತ್ತು ಗಿಟಾರಿನ ನಡುವೆ ಸ್ಪರ್ಧೆ ನಡೆಯುತ್ತದೆ. ಕೊನೆಗೆ ಎಲ್ಲವೂ ಒಂದೇ ಮುಕ್ತಾಯಕ್ಕೆ ಬಂದು ಬೀಳುತ್ತದೆ. ಕಚೇರಿಯ ತನಿ ಆವರ್ತನದಲ್ಲಿ ಮೃದಂಗ ಘಟಗಳು ಸವಾಲು ಜವಾಬು ನಡೆಸುವುದನ್ನು ಬಲ್ಲವರಿಗೆ ಈ ರೀತಿ ಹೊಸದಲ್ಲ. ಅದರ ಬಿಸುಪು ನನಗೆ ಇಷ್ಟವಾಗಿತ್ತು.

ಮೂರನೆಯ ಆಲ್ಬಮಿನಲ್ಲಿ ಸ್ಪರ್ಧೆಯ ಸ್ಥಾನವನ್ನು ವಿಸ್ತಾರ ಪಡೆದಿದೆ. ದೊಡ್ಡ ವಾದ್ಯವೃಂದವಿದೆ, ಅದರ ಬೆನ್ನಿಗೆ ಸಮೂಹ ಗಾಯನವಿದೆ. 'ದಿ ಸೈಲೆನ್ಸ್ ದಟ್ ರಿಮೇನ್ಸ್' ಎಂಬ ಹಾಡಿನಲ್ಲಿ ಶ್ರೇಯಾ ಘೋಷಾಲ್ ಜೊತೆಗೂಡಿದ್ದಾರೆ; ಅದರ ಒಡಲಲ್ಲಿರುವುದು ಸಾರಮತಿ ರಾಗದ ತ್ಯಾಗರಾಜ ಕೃತಿ, ಮೋಕ್ಷವು ಯಾರಿಗೆ ದೊರೆತೀತೆಂದು ಕೇಳುವಂಥದು. ಹಿಂದಿನ ಅಗಂ ತಂಡವಾಗಿದ್ದರೆ ಇಂತಹ ಹಾಡಿನ ನಡುವೆ ಗಿಟಾರು ಸಿಡಿಯುತ್ತಿತ್ತು ಎಂದು ನಾನು ಕಾಯುತ್ತ ಕುಳಿತಿದ್ದೆ. ನನ್ನ ಕಿವಿ ಕಾಯುತ್ತಿದ್ದ ಕಡೆಗೆ ಹಾಡು ಹೋಗಲಿಲ್ಲ.

ನನ್ನ ಆಕ್ಷೇಪಣೆಯನ್ನು ನ್ಯಾಯವಾಗಿ ಮಂಡಿಸುತ್ತೇನೆ. ದೊಡ್ಡ ವಾದ್ಯವೃಂದ ಬಂದಾಗ ಎಲ್ಲವನ್ನೂ ಮುಂಚಿತವಾಗಿ ಬರೆದಿಡಬೇಕಾಗುತ್ತದೆ. ಬರೆದಿಟ್ಟ ಸಂಗೀತದಲ್ಲಿ ಮನೋಧರ್ಮಕ್ಕೆ ಜಾಗ ಕಡಿಮೆ. ನಮ್ಮ ಸಂಗೀತದ ಜೀವ ಗಮಕದಲ್ಲಿದೆ, ಅಂದರೆ ಒಂದು ಸ್ವರ ತನ್ನ ನೆರೆಯ ಸ್ವರದತ್ತ ತೂಗಾಡುವುದರಲ್ಲಿದೆ. ಹಲವಾರು ಪಿಟೀಲುಗಳು ಒಟ್ಟಿಗೆ ಆ ತೂಗಾಟವನ್ನು ತೂಗಲಾರವು. ಆದುದರಿಂದ ಕೆಲವು ಕಡೆ ಹಿನ್ನೆಲೆ ನೇರವಾಗಿ ನಿಂತಿರುತ್ತದೆ, ಕಂಠ ಮಾತ್ರ ತೂಗುತ್ತಿರುತ್ತದೆ. ಎರಡರ ನಡುವೆ ಸಣ್ಣ ಬಿರುಕು ಕೇಳಿಸುತ್ತದೆ. ಇದು ನನ್ನ ವಾದ.

ಮಗಳ ಪ್ರತಿವಾದ ವತ್ತಲಗುಂಡಿನ ಚಹಾ ಅಂಗಡಿಯ ಮುಂದೆ ನಡೆಯಿತು. "ಗಿಟಾರು ಇದ್ದಾಗಲೂ ಅದು ಗಮಕ ತೂಗುತ್ತಿರಲಿಲ್ಲವಲ್ಲ, ಅಪ್ಪ? ನಿಮಗೆ ಅದು ರೂಢಿಯಾಗಿತ್ತು, ಅಷ್ಟೆ. ರಾಗ ಬದಲಾಗಿದೆಯೇ? ಸಾಹಿತ್ಯ ಬದಲಾಗಿದೆಯೇ? ಹಾಡುವವರು ಬದಲಾಗಿದ್ದಾರೆಯೇ?" ಮೂರಕ್ಕೂ ಇಲ್ಲವೆಂದೇ ಹೇಳಬೇಕಾಯಿತು. ಸಾರಮತಿ ಸಾರಮತಿಯಾಗಿಯೇ ಇತ್ತು. ಬದಲಾದದ್ದು ಅದನ್ನು ಕೂರಿಸಿದ ಪೀಠ.

ಕೇಳುಗರ ಮುನಿಸು ಹಳೆಯದು

ಧ್ವನಿ ಬದಲಿಸಿದ ಕಲಾವಿದರ ಮೇಲೆ ಕೇಳುಗರು ಮುನಿಯುವುದು ಇಂದಿನ ಮಾತಲ್ಲ. 1965ರ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರು ಹಿಡಿದು ವೇದಿಕೆಗೆ ಬಂದಾಗ ಸಭೆಯ ಒಂದು ಭಾಗ ಕೂಗಿ ಅಸಮ್ಮತಿ ತೋರಿತು. ಮರುವರ್ಷ ಮ್ಯಾಂಚೆಸ್ಟರಿನಲ್ಲಿ ಪ್ರೇಕ್ಷಕನೊಬ್ಬ ಅವರನ್ನು ಯೂದನೆಂದೇ ಕರೆದ. ಅದೇ ಡಿಲನ್ನರಿಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂದಿತು.

ಪ್ರೊಗ್ರೆಸಿವ್ ರಾಕ್ ಪ್ರಪಂಚದಲ್ಲಿ ಎರಡು ಉದಾಹರಣೆಗಳು ಮುಖ್ಯ. ಇಂಗ್ಲೆಂಡಿನ ಜೆನೆಸಿಸ್ ತಂಡದಿಂದ 1975ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್, 1977ರಲ್ಲಿ ಗಿಟಾರು ವಾದಕ ಸ್ಟೀವ್ ಹ್ಯಾಕೆಟ್ ಹೊರನಡೆದರು. ಉಳಿದ ಮೂವರು ಮೆಲ್ಲಮೆಲ್ಲನೆ ದೀರ್ಘ ರಚನೆಗಳನ್ನು ಬಿಟ್ಟು ಸಣ್ಣ ಜನಪ್ರಿಯ ಹಾಡುಗಳತ್ತ ಹೊರಳಿದರು. ಅವರ ಕೀರ್ತಿಯೂ ಆದಾಯವೂ ಬೆಳೆದವು. ಹಳೆಯ ಕೇಳುಗರು ಮಾತ್ರ ಇಂದಿಗೂ 1975ರ ಹಿಂದಿನ ಜೆನೆಸಿಸ್, ಮುಂದಿನ ಜೆನೆಸಿಸ್ ಎಂದು ಗೆರೆ ಎಳೆಯುತ್ತಾರೆ. ಎರಡನೆಯದು ಸ್ವೀಡನ್ನಿನ ಓಪೆತ್ ತಂಡ. ಗಂಟಲಿನಾಳದಿಂದ ಗುಡುಗುವ ಕಂಠಕ್ಕೆ ಹೆಸರಾಗಿದ್ದ ಆ ತಂಡ 2011ರ 'ಹೆರಿಟೇಜ್' ಆಲ್ಬಮಿನಲ್ಲಿ ಆ ಗುಡುಗನ್ನು ಪೂರ್ತಿಯಾಗಿ ಕೈಬಿಟ್ಟಿತು. ಕೇಳುಗರು ಎರಡು ಪಕ್ಷವಾದರು. ಹದಿಮೂರು ವರ್ಷಗಳ ಅನಂತರ, 2024ರ ಆಲ್ಬಮಿನಲ್ಲಿ, ಗುಡುಗು ಮರಳಿ ಬಂದಿತು. ಒಮ್ಮೆ ಬಿಟ್ಟ ಧ್ವನಿ ಸತ್ತುಹೋಯಿತೆಂದು ಭಾವಿಸಬೇಕಾಗಿಲ್ಲ. ಹಾಡುವವರು ಇದ್ದರೆ ಅದು ಮರಳಿ ಬರಬಲ್ಲದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ನಮ್ಮ ಸಂಗೀತದ ಕಥೆಯೂ ಇದೇ. ಕಚೇರಿಯಲ್ಲಿ ಇಂದು ಪಕ್ಕವಾದ್ಯವಾಗಿ ಕುಳಿತಿರುವ ಪಿಟೀಲು ಯುರೋಪಿನದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಅದನ್ನು ಐರೋಪ್ಯರಿಂದ ಕಲಿತು ನಮ್ಮ ರಾಗಗಳಿಗೆ ಹೊಂದಿಸಿದವರಲ್ಲಿ ಮೊದಲಿಗರು. ಮುಂದೆ ಎಟ್ಟಯಪುರಂ ಆಸ್ಥಾನದಲ್ಲಿ ವಿದ್ವಾಂಸರಾದರು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತು, ಅದರಲ್ಲಿ ಗಮಕ ನುಡಿಸುವ ಹಾದಿಯನ್ನು ಹಲವು ವರ್ಷಗಳ ಸಾಧನೆಯಿಂದ ಕಂಡುಕೊಂಡರು. 2019ರಲ್ಲಿ ಅವರು ತೀರಿಕೊಂಡಾಗ ಆ ವಾದ್ಯವನ್ನು ವಿದೇಶಿಯೆಂದು ಯಾರೂ ಕರೆಯಲಿಲ್ಲ. ನನ್ನ ಮಗಳು ಮಲಹರಿ ನುಡಿಸುವುದೂ ಆ ಐರೋಪ್ಯ ಪೆಟ್ಟಿಗೆಯ ಮೇಲೆಯೇ.

ಪಣ್ಣೈಪುರದಿಂದ ಲಂಡನ್ನಿಗೆ

ಇಷ್ಟಕ್ಕೂ ನಾವು ದೂರ ಹೋಗಬೇಕಾಗಿಲ್ಲ. ಉತ್ತಮಪಾಳ್ಯದಿಂದ ಪಶ್ಚಿಮಕ್ಕೆ ತಿರುಗಿ ಕೊಂಬೈ ದಾಟಿದರೆ ಬೆಟ್ಟದ ಅಡಿಯಲ್ಲಿ ಪಣ್ಣೈಪುರಂ ಸಿಗುತ್ತದೆ. ಇಳಯರಾಜ 1943ರಲ್ಲಿ ಹುಟ್ಟಿದ ಊರು ಅದು. ಹುಡುಗನಾಗಿದ್ದಾಗಲೇ ಅಣ್ಣ ಪಾವಲರ್ ವರದರಾಜನ್ನರ ತಂಡದೊಡನೆ ಊರೂರು ತಿರುಗಿ ಪಕ್ಷದ ಸಭೆಗಳಲ್ಲಿ ಹಾರ್ಮೋನಿಯಂ ನುಡಿಸಿದವರು, ಮುಂದೆ ಮದರಾಸಿಗೆ ಹೋಗಿ ಧನರಾಜ್ ಮಾಸ್ಟರರ ಬಳಿ ಪಾಶ್ಚಾತ್ಯ ಸಂಗೀತ ಕಲಿತರು.

ನಮ್ಮ ಮಕ್ಕಳಿಗೆ ತಿಳಿದಿರಬೇಕಾದ ಭಾಗ ಇದರ ಮುಂದಿನದು. ಸ್ವಂತವಾಗಿ ಸಂಗೀತ ನೀಡುವ ಮೊದಲು ಅವರು ಬಹುಕಾಲ ಸಹಾಯಕರಾಗಿ ದುಡಿದದ್ದು ಕನ್ನಡದ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶ್ ಅವರ ಬಳಿ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಚಿತ್ರಗಳ ಹಾಡುಗಳನ್ನು ಕೊಟ್ಟ ವೆಂಕಟೇಶ್ ಅವರ ಬಳಿ. ಕಂಬಂ ಕಣಿವೆಯ ಒಂದು ಕಿವಿ ವಾದ್ಯವೃಂದವನ್ನು ಕೂಡಿಸುವ ವಿದ್ಯೆಯನ್ನು ಕನ್ನಡ ಚಿತ್ರಗಳ ಧ್ವನಿಮುದ್ರಣದಲ್ಲಿ ಪಳಗಿಸಿಕೊಂಡಿತು. 1976ರ 'ಅನ್ನಕಿಳಿ'ಯಿಂದ ತಮಿಳು ಚಿತ್ರಸಂಗೀತದ ಧ್ವನಿ ಬದಲಾಯಿತು. ಆ ಋಣ 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಮುಂತಾದ ಚಿತ್ರಗಳ ಮೂಲಕ ಕನ್ನಡಕ್ಕೂ ಮರಳಿತು. 1986ರಲ್ಲಿ 'ಹೌ ಟು ನೇಮ್ ಇಟ್' ಎಂಬ ಆಲ್ಬಮಿನಲ್ಲಿ ಅವರು ತ್ಯಾಗರಾಜರನ್ನೂ ಜರ್ಮನಿಯ ಬಾಖ್‌ರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. 2025ರ ಮಾರ್ಚ್ 8ರಂದು ಲಂಡನ್ನಿನ ಈವೆಂಟಿಮ್ ಅಪೊಲೊ ಸಭಾಂಗಣದಲ್ಲಿ ಅವರ 'ವೇಲಿಯಂಟ್' ಸಿಂಫನಿ ಮೊಳಗಿತು. ಆಗ ಅವರ ವಯಸ್ಸು ಎಂಬತ್ತೊಂದು.

ಒಂದೇ ವರ್ಷದಲ್ಲಿ ಪಣ್ಣೈಪುರದ ಹಿರಿಯರೊಬ್ಬರು ಸಿಂಫನಿ ಬರೆದು ನುಡಿಸಿದರು, ಬೆಂಗಳೂರಿನ ರಾಕ್ ತಂಡವೊಂದು ವಾದ್ಯವೃಂದದ ಕಡೆಗೆ ತಿರುಗಿತು. ಹಿರಿಯರ ಸಾಧನೆಯನ್ನು ನಮ್ಮ ಕಣಿವೆಯ ಹೆಮ್ಮೆಯೆಂದು ನಾನು ಎಲ್ಲರೆದುರು ಹೊಗಳಿದ್ದೆ. ಕಿರಿಯರು ಹಾಗೆಯೇ ಮಾಡಿದಾಗ ಕೆಡಿಸಿಬಿಟ್ಟರು ಎಂದೆ. ಮಗಳು ಇದನ್ನು ಎತ್ತಿ ತೋರಿಸಿದಾಗ ನನ್ನ ವಾದದಲ್ಲಿದ್ದ ದೋಷ ನನಗೇ ಕಂಡಿತು.

ಕಾನೂನು ಏನು ಹೇಳುತ್ತದೆ?

ವೃತ್ತಿಯ ಅಭ್ಯಾಸದಿಂದ ಕಾನೂನಿನ ಕಡೆಗೂ ಒಮ್ಮೆ ನೋಡಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಹಕ್ಕು ಕರ್ತೃವಿನ ಮರಣಾನಂತರ ಅರವತ್ತು ವರ್ಷಗಳವರೆಗೆ ಇರುತ್ತದೆ. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ. ಅವರ ಕೃತಿಗಳೂ ದಾಸರ ಪದಗಳೂ ಸರ್ವರ ಸೊತ್ತು. ಯಾರು ಯಾವ ವಾದ್ಯದೊಡನೆ ಬೇಕಾದರೂ ಹಾಡಬಹುದು. ಅದೇ ಅಧಿನಿಯಮದ 57ನೆಯ ಕಲಮು, ತನ್ನ ಮಾನಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕನ್ನು ಕರ್ತೃವಿಗೆ ಕೊಟ್ಟಿದೆ. ನನಗೆ ರೂಢಿಯಾದ ಧ್ವನಿಯನ್ನು ಬದಲಿಸಬೇಡಿ ಎಂದು ದಾವೆ ಹೂಡುವ ಹಕ್ಕನ್ನು ಕೇಳುಗನಿಗೆ ಯಾವ ಕಲಮೂ ಕೊಟ್ಟಿಲ್ಲ.

ಆದರೆ ನಮ್ಮಂಥವರಿಗೆ ಇನ್ನೊಂದು ಹಕ್ಕು ಇದೆ. ಪ್ರತ್ಯೇಕ ಭಾಷೆ, ಲಿಪಿ ಅಥವಾ ಸಂಸ್ಕೃತಿಯುಳ್ಳ ಪ್ರಜೆಗಳಿಗೆ ಅದನ್ನು ಸಂರಕ್ಷಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೆಯ ಅನುಚ್ಛೇದ ನೀಡಿದೆ. ಈ ಪತ್ರಿಕೆಯ ವಾಚಕರು ಆ ಅನುಚ್ಛೇದವನ್ನು ಬಲ್ಲರು. ಶಾಲೆಗಾಗಿ, ಶಿಕ್ಷಕರಿಗಾಗಿ ಅರ್ಜಿ ಬರೆದವರು ಅದನ್ನು ಬಾಯಿಪಾಠವಾಗಿಯೇ ಬಲ್ಲರು. ನಾನು ಬಹುಕಾಲ 'ಸಂರಕ್ಷಣೆ' ಎಂದರೆ ಇದ್ದುದನ್ನು ಇದ್ದಂತೆಯೇ ಇಡುವುದು ಎಂದು ತಿಳಿದಿದ್ದೆ. ಆ ತಿಳಿವಳಿಕೆಗೆ ನಾನು ತೆತ್ತ ಬೆಲೆಯನ್ನು ಈಗ ಹೇಳಬೇಕು.

ಚಪ್ಪರದಲ್ಲಿ ನಿಂತ ಹಾಡು

ನಮ್ಮ ಅಜ್ಜಿ ಕಂಬಂ ಕಣಿವೆಯ ಕನ್ನಡದಲ್ಲಿ ಮಾತನಾಡುತ್ತಿದ್ದರು. ಅಕ್ಷರ ಬಾರದವರು. ದ್ರಾಕ್ಷಿ ತೋಟಕ್ಕೆ ಹೋಗುವಾಗ, ದನಗಳಿಗೆ ನೀರು ಕುಡಿಸುವಾಗ, ಕಂಬದ ನಂದಗೋಪಾಲಸ್ವಾಮಿಯ ತಂಬಿರಾನ್ ದನದ ತೊಳುವಿಗೆ ಮಾಟ್ಟುಪ್ಪೊಂಗಲಿನಂದು ನಮ್ಮನ್ನು ಕೈಹಿಡಿದು ಕರೆದೊಯ್ಯುವಾಗ ಏನಾದರೊಂದು ಹಾಡನ್ನು ಗುನುಗುತ್ತಲೇ ಇರುತ್ತಿದ್ದರು. ಹೆಣ್ಣನ್ನು ಹಸೆಗೆ ಕರೆಯುವ ಒಂದು ದೀರ್ಘ ಸೋಬಾನೆ ಅವರಿಗೆ ಮಾತ್ರ ಪೂರ್ತಿಯಾಗಿ ಬರುತ್ತಿತ್ತು.

ನಾನು ಬೆಂಗಳೂರಿನಲ್ಲಿ ಐದು ವರ್ಷ ಇದ್ದು, ಕಾನೂನು ಪದವಿ ಮುಗಿಸಿ, 2004ರಲ್ಲಿ ಊರಿಗೆ ಮರಳಿದೆ. ಅಲ್ಲಿದ್ದಾಗಲೇ ನಾನು ಕನ್ನಡ ಓದಿ ಬರೆಯಲು ಸರಿಯಾಗಿ ಕಲಿತದ್ದು. ಹೊಸದಾಗಿ ಕಲಿತವನ ಬಿಗುಮಾನ ನನ್ನಲ್ಲಿ ತುಂಬಿತ್ತು. ಮರುವರ್ಷ ಬಂಧುಗಳೊಬ್ಬರ ಮದುವೆ. ಅಜ್ಜಿ ಸೋಬಾನೆ ಎತ್ತಿದರು. ಊರಿನ ಹುಡುಗನೊಬ್ಬ ಮೂಲೆಯಲ್ಲಿ ಕೀಬೋರ್ಡ್ ಇಟ್ಟುಕೊಂಡು, ಅವರ ಶ್ರುತಿಗೆ ಶ್ರುತಿ ಸೇರಿಸಿ, ಸಣ್ಣದೊಂದು ಲಯವನ್ನೂ ಹಾಕಿದ. ಅಜ್ಜಿಗೆ ಅದು ಇಷ್ಟವಾಯಿತು. ಅವರು ಹಾಡಿನ ನಡೆಯನ್ನು ಅವನ ಲಯಕ್ಕೆ ಹೊಂದಿಸಿಕೊಂಡು ಮುಂದುವರಿದರು.

ನಾನು ಎದ್ದು ನಿಂತು ಆ ಹುಡುಗನನ್ನು ನಿಲ್ಲಿಸಿದೆ. ಇದು ಸೋಬಾನೆ, ಸಿನಿಮಾ ಹಾಡಲ್ಲ ಎಂದೆ. ಅಷ್ಟಕ್ಕೇ ಬಿಡದೆ ಅಜ್ಜಿಯ ಕಡೆಗೆ ತಿರುಗಿ, "ಹಾಡಿನಲ್ಲಿ 'ತಣ್ಣಿ' ಎನ್ನುತ್ತೀರಲ್ಲ, ಅದು ತಮಿಳು. 'ನೀರು' ಎನ್ನಬೇಕು" ಎಂದು ತಿದ್ದಿದೆ. ಚಪ್ಪರದಲ್ಲಿ ನಗು ಎದ್ದಿತು. ಅಜ್ಜಿಯೂ ನಕ್ಕರು. ಆರತಿಯ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು, "ಓದಿದವನು ಬಂದಿದ್ದಾನೆ, ಅವನೇ ಹಾಡಲಿ" ಎಂದು ಕುಳಿತುಬಿಟ್ಟರು.

ಅವರು ಕೋಪಗೊಂಡಿರಲಿಲ್ಲ. ಮುಂದೆಯೂ ನನ್ನೊಡನೆ ಎಂದಿನಂತೆಯೇ ಇದ್ದರು. ಆದರೆ ಸಭೆಯಲ್ಲಿ ಮತ್ತೆ ಹಾಡಲಿಲ್ಲ. ಯಾರಾದರೂ ಕೇಳಿದರೆ, ತನ್ನ ಮಾತು ಕೆಟ್ಟ ಮಾತು, ಸರಿಯಾದ ಕನ್ನಡ ಬಾರದು ಎನ್ನುತ್ತಿದ್ದರು. 2011ರಲ್ಲಿ ತೀರಿಕೊಂಡರು. ನಾನು ಆ ಹಾಡನ್ನು ಬರೆದುಕೊಂಡಿರಲಿಲ್ಲ. ಇಂದು ಮನೆಯ ಹಿರಿಯ ಹೆಂಗಸರೆಲ್ಲ ಸೇರಿದರೂ ಅದರ ಅರ್ಧ ಭಾಗ ಕೂಡಿಬರುವುದಿಲ್ಲ.

ಧಾಟಿ ಮಾತ್ರ ಉಳಿದಿದೆ. ಅದನ್ನು ಉಳಿಸಿದವನು ನಾನು ಅಂದು ತಡೆದ ಆ ಕೀಬೋರ್ಡಿನ ಹುಡುಗ. ಈಗ ಅವನು ಕಣಿವೆಯ ಮದುವೆಗಳಿಗೆ ವಾದ್ಯ ನುಡಿಸುವ ಮಧ್ಯವಯಸ್ಕ. ಹೆಣ್ಣನ್ನು ಕರೆತರುವಾಗ ಪದವಿಲ್ಲದ ಆ ಧಾಟಿಯನ್ನು ಇಂದಿಗೂ ನುಡಿಸುತ್ತಾನೆ. ಎರಡು ವರ್ಷಗಳ ಹಿಂದೆ ಒಂದು ಚಪ್ಪರದಲ್ಲಿ ಅದನ್ನು ಕೇಳಿ ನಾನು ಊಟಕ್ಕೆ ಕುಳಿತವನು ಎದ್ದು ಹೊರಗೆ ಬಂದೆ. ತಮಿಳಿನ ಒಂದು ಪದವನ್ನು ಹೊರಗಟ್ಟಲು ಹೋಗಿ ಕನ್ನಡದ ಒಂದು ಇಡೀ ಹಾಡನ್ನು ನಾನು ಕಳೆದಿದ್ದೆ.

ಕುಟುಂಬಗಳಿಗೆ ಒಂದು ಮಾತು

ಆದುದರಿಂದ ಧ್ವನಿ ಬದಲಾದಾಗಲೆಲ್ಲ ಚಪ್ಪಾಳೆ ತಟ್ಟಬೇಕೆಂದು ನಾನು ಹೇಳುವುದಿಲ್ಲ. ಶುದ್ಧವಾದ ಬರಹದ ಕನ್ನಡ ಮಕ್ಕಳಿಗೆ ಬೇಕು. ಅದಕ್ಕಾಗಿಯೇ ನಾವು ಶಾಲೆಗಳಿಗಾಗಿ ಹೋರಾಡುತ್ತಿದ್ದೇವೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ 'ನೀರು' ಎಂದೇ ಬರೆಯಬೇಕು. ಆದರೆ ತಿದ್ದುವುದಕ್ಕೆ ಒಂದು ಸ್ಥಳವಿದೆ. ಶಾಲೆಯ ಕನ್ನಡವನ್ನು ಹಿಡಿದು ಮನೆಯ ಕನ್ನಡವನ್ನು ಹೊಡೆಯಬಾರದು. ದಿಂಡಿಗಲ್ ಕಡೆಯ ದೇವಾಂಗ ನೇಕಾರರ ಮನೆಯ ಕನ್ನಡ, ಕಂಬದ ಒಕ್ಕಲು ಮನೆಗಳ ಕನ್ನಡ, ಹೊಸೂರಿನದು, ಕಾಸರಗೋಡಿನದು, ಎಲ್ಲವೂ ನೆರೆಯ ನುಡಿಗಳೊಡನೆ ಬಾಳಿ ಬದಲಾದವು. ಅವು ಬದಲಾದುದರಿಂದಲೇ ಇಷ್ಟು ಕಾಲ ಬಾಳಿದವು.

ಮುಲ್ಲೈಪೆರಿಯಾರ್ ನೀರನ್ನು ಕುಡಿದು ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪಶ್ಚಿಮದ ಕಡಲಿಗೆ ಹರಿಯುತ್ತಿದ್ದ ನದಿಯ ನೀರು 1895ರಲ್ಲಿ ಬೆಟ್ಟದೊಳಗಿನ ಸುರಂಗವನ್ನು ಹಾದು ಪೂರ್ವಕ್ಕೆ ತಿರುಗಿತು. ನಮ್ಮ ಗದ್ದೆಗಳು ಎರಡು ಬೆಳೆ ಕಾಣುವುದು ಆ ನೀರಿನಿಂದ.

ಬದಲಾವಣೆಯನ್ನು ಅಳೆಯಲು ಈಗ ನಾನು ಮಗಳ ಮೂರು ಪ್ರಶ್ನೆಗಳನ್ನೇ ಬಳಸುತ್ತೇನೆ. ರಾಗ ಉಳಿದಿದೆಯೇ? ಸಾಹಿತ್ಯ ಉಳಿದಿದೆಯೇ? ಹಾಡುವವರು ಇದ್ದಾರೆಯೇ? ಮೂರನೆಯದಕ್ಕೆ ಹೌದೆಂಬ ಉತ್ತರ ಬಂದರೆ ಮೊದಲೆರಡನ್ನು ಮುಂದೆ ಸರಿಪಡಿಸಿಕೊಳ್ಳಬಹುದು. ಹಾಡುವವರೇ ಸುಮ್ಮನಾದರೆ ಸರಿಪಡಿಸಲು ಏನೂ ಉಳಿಯುವುದಿಲ್ಲ. ಅಗಂ ತಂಡ ಎಂಟು ವರ್ಷಗಳ ಅನಂತರವೂ ಹಾಡುತ್ತಿದೆ, ಸಾರಮತಿ ಕೆಟ್ಟಿಲ್ಲ; ನನ್ನ ಕಿವಿಗೆ ಇನ್ನಷ್ಟು ಕಾಲ ಬೇಕಾಗಬಹುದು.

ರಜೆಯಲ್ಲಿ ಮಕ್ಕಳು ಮನೆಯಲ್ಲಿರುವಾಗ ಒಂದು ಸಂಜೆ ಹೀಗೆ ಮಾಡಿ. ಮೊದಲು ಅವರಿಗೆ ಪ್ರಿಯವಾದ ಹಾಡನ್ನು, ಅದು ಯಾವ ಭಾಷೆಯದಾದರೂ ಯಾವ ವಾದ್ಯದ್ದಾದರೂ, ಪೂರ್ತಿಯಾಗಿ ಕುಳಿತು ಕೇಳಿ. ಅನಂತರ ಮನೆಯ ಹಿರಿಯರನ್ನು ಹಾಡಲು ಹೇಳಿ, ಮಕ್ಕಳ ಫೋನಿನಲ್ಲೇ ಮುದ್ರಿಸಿಕೊಳ್ಳಿ, ಮಕ್ಕಳ ಕೈಯಲ್ಲೇ ಕನ್ನಡ ಲಿಪಿಯಲ್ಲಿ ಬರೆಯಿಸಿ. ಹಾಡಿನ ನಡುವೆ ತಮಿಳು, ಮಲಯಾಳ, ತೆಲುಗಿನ ಪದ ಬಂದರೆ ಬಂದಂತೆಯೇ ಬರೆಯಲಿ. ಅಡಿಯಲ್ಲಿ ಅರ್ಥ ಬರೆದುಕೊಳ್ಳಲಿ. ಹಾಡು ಮುಗಿಯುವವರೆಗೆ ಯಾರೂ ತಿದ್ದಬೇಡಿ.

ಅಂದು ವಿಚಾರಣೆ ಮುಂದಿನ ತಿಂಗಳಿಗೆ ಹೋಯಿತು. ಹಿಂದಿರುಗುವಾಗ ಸಂಜೆಯಾಗಿತ್ತು. ಪೆರಿಯಕುಳಂ ದಾಟಿದ ಮೇಲೆ ಮಗಳು ಕೇಳಿದಳು: "ಮುತ್ತಜ್ಜಿಯ ಹಾಡು ನಿಮಗೆ ಎಷ್ಟು ನೆನಪಿದೆ?" ನಾಲ್ಕು ಸಾಲು ಎಂದೆ. ಅವಳು ಆಲ್ಬಮನ್ನು ನಿಲ್ಲಿಸಿ, ಫೋನನ್ನು ಮುದ್ರಣಕ್ಕೆ ಇಟ್ಟು, ನನ್ನ ಕಡೆಗೆ ಹಿಡಿದಳು. ಹಾಡುವಾಗ ಎರಡನೆಯ ಸಾಲಿನಲ್ಲಿ ನಾನು 'ತಣ್ಣಿ' ಎಂದೇ ಹಾಡಿದೆ.